ಎದುರಾಳಿ ಹೇಳಿದ ಸಾಕ್ಷಿ: ಸ್ಕ್ವಾಡ್ರನ್ ಲೀಡರ್ ದೇವಯ್ಯ ಮತ್ತು ಸರ್ಗೋಧಾ ದಾಳಿ

ಫೈಟರ್ ಪೈಲಟ್ ಬಗ್ಗೆ ಮಾತು ಬಂದರೆ ನಾವೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ. ಎಷ್ಟು ವಿಮಾನ ಹೊಡೆದುರುಳಿಸಿದರು? ಮೊದಲನೇ ಮಹಾಯುದ್ಧದ ಕಾಲದಿಂದಲೂ ಇದೇ ಲೆಕ್ಕ. ಐದು ಉರುಳಿಸಿದವರನ್ನು ಏಸ್ ಅಂತ ಕರೆದರು. ಕೋಲ್ಕತ್ತದ ಹುಡುಗ ಇಂದ್ರಲಾಲ್ ರಾಯ್ 1918ರ ಜುಲೈ ತಿಂಗಳಲ್ಲಿ, ಎರಡು ವಾರ ತುಂಬುವ ಮುಂಚೆಯೇ, 10 ವಿಮಾನಗಳ ಲೆಕ್ಕ ಬರೆಸಿದರು. ಅದೇ ತಿಂಗಳು ಆಕಾಶದಲ್ಲೇ ತೀರಿಕೊಂಡರು. ಆಗ ಅವರಿಗೆ 19 ವರ್ಷ.

ನಾನು ಇವತ್ತು ಹೇಳಹೊರಟಿರುವ ಪೈಲಟ್ ಲೆಕ್ಕದಲ್ಲಿ ಇರುವುದು ಒಂದೇ ವಿಮಾನ. ಅದನ್ನೂ ನಮ್ಮ ದೇಶ ಒಪ್ಪಿ ಬರೆದುಕೊಂಡಿದ್ದು ಅವರು ಸತ್ತು 20 ವರ್ಷ ಕಳೆದ ಮೇಲೆ. ಸಾಕ್ಷಿ ಹೇಳಿದ್ದು ಯಾರು? ಅವರೊಡನೆ ಹೋರಾಡಿದ ಎದುರಾಳಿಯ ಕಡೆಯವರು. ನನಗೆ ಈ ಕಥೆ ಮುಖ್ಯ ಅನ್ನಿಸುವುದು ಇದೇ ಕಾರಣಕ್ಕೆ. ಶೌರ್ಯದ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಯಾರೂ ನೋಡದ ಕಡೆ ನಡೆದ ಶೌರ್ಯ ಹೇಗೆ ಬೆಳಕಿಗೆ ಬರುತ್ತದೆ ಅನ್ನುವುದನ್ನು ನಾವು ಅಷ್ಟಾಗಿ ಕೇಳುವುದಿಲ್ಲ.

ಅಜ್ಜಮಾಡ ಬೋಪಯ್ಯ ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24ರಂದು. ಕೊಡಗಿನವರು. ಅಜ್ಜಮಾಡ ಅನ್ನುವುದು ಮನೆತನದ ಹೆಸರು, ಬೋಪಯ್ಯ ತಂದೆಯ ಹೆಸರು. ತಂದೆ ವೈದ್ಯರು. ಕೊಡಗಿನ ಮನೆಗಳಲ್ಲಿ ಸೇನೆಗೆ ಸೇರುವುದು ಅಂಥ ದೊಡ್ಡ ಸುದ್ದಿಯೇನಲ್ಲ. ಆದರೆ ಆ ಕಾಲಕ್ಕೆ ಅಲ್ಲಿಂದ ಜಾಸ್ತಿ ಜನ ಹೋಗುತ್ತಿದ್ದದ್ದು ಭೂಸೇನೆಗೆ. ದೇವಯ್ಯ ವಾಯುಪಡೆಗೆ ಹೋದರು. 1954ರಲ್ಲಿ ಪೈಲಟ್ ಆದರು. ಮುಂದೆ ಹೊಸ ಹುಡುಗರಿಗೆ ವಿಮಾನ ಹಾರಿಸಲು ಕಲಿಸುವ ಇನ್‌ಸ್ಟ್ರಕ್ಟರ್ ಕೂಡ ಆದರು. ಪಾಕಿಸ್ತಾನದ ಜೊತೆಗಿನ 1965ರ ಯುದ್ಧದ ಹೊತ್ತಿಗೆ ನಂಬರ್ 1 ಸ್ಕ್ವಾಡ್ರನ್ನಿನಲ್ಲಿ, ಅಂದರೆ ಆ ಹೆಸರಿನ ಯುದ್ಧವಿಮಾನಗಳ ತುಕಡಿಯಲ್ಲಿ, ಹಿರಿಯ ಪೈಲಟ್. 32 ವರ್ಷ, ಮದುವೆಯಾಗಿತ್ತು, ಮಕ್ಕಳಿದ್ದರು.

ಈ ನಂಬರ್ 1 ಸ್ಕ್ವಾಡ್ರನ್ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಭಾರತೀಯ ವಾಯುಪಡೆಯ ಮೊತ್ತಮೊದಲ ಸ್ಕ್ವಾಡ್ರನ್ ಅದು. ಶುರುವಾದದ್ದು 1933ರ ಏಪ್ರಿಲ್ 1ರಂದು. ಎಲ್ಲಿ ಗೊತ್ತಾ? ಕರಾಚಿಯ ಡ್ರಿಗ್ ರೋಡ್‌ನಲ್ಲಿ. ನಾಲ್ಕು ವಾಪಿಟಿ ವಿಮಾನಗಳಿಂದ. ಎರಡನೇ ಮಹಾಯುದ್ಧದಲ್ಲಿ ಇಂಫಾಲದ ಕಡೆ ಇದೇ ಸ್ಕ್ವಾಡ್ರನ್ನನ್ನು ನಡೆಸಿದ್ದವರು ಅರ್ಜನ್ ಸಿಂಗ್. 1965ರಲ್ಲಿ ಅವರೇ ವಾಯುಪಡೆಯ ಮುಖ್ಯಸ್ಥರು. ಕರಾಚಿಯಲ್ಲಿ ಹುಟ್ಟಿದ ಸ್ಕ್ವಾಡ್ರನ್ ಪಾಕಿಸ್ತಾನದ ಮೇಲೆ ಬಾಂಬ್ ಹಾಕಲು ಹೊರಟಿತು. ಎರಡೂ ಕಡೆಯ ಹಿರಿಯ ಅಧಿಕಾರಿಗಳಲ್ಲಿ ಎಷ್ಟೋ ಜನ ಒಂದೇ ಮೆಸ್ಸಿನಲ್ಲಿ ಊಟ ಮಾಡಿದವರು. 1965ರ ಯುದ್ಧವನ್ನು ಓದುವಾಗ ಇದನ್ನು ಮರೆಯಬಾರದು.

ಸ್ಕ್ವಾಡ್ರನ್ ಬಳಿ ಇದ್ದದ್ದು ಮಿಸ್ಟೇರ್ ವಿಮಾನಗಳು. ಫ್ರಾನ್ಸಿನ ಡಸ್ಸೋ ಕಂಪನಿಯವು. ಇವತ್ತು ರಫೇಲ್ ಮಾಡುತ್ತಾರಲ್ಲ, ಅದೇ ಕಂಪನಿ. 1954ರ ನಂತರ ಅಮೆರಿಕದ ನೆರವಿನಿಂದ ಪಾಕಿಸ್ತಾನಕ್ಕೆ ಸೇಬರ್ ವಿಮಾನಗಳು ಬರಲು ಶುರುವಾದವು. ನಾವು ಫ್ರಾನ್ಸಿನಿಂದ ಮಿಸ್ಟೇರ್ ತಂದೆವು, ಬ್ರಿಟನ್ನಿನಿಂದ ಹಂಟರ್ ಮತ್ತು ಕ್ಯಾನ್‌ಬೆರಾ ತಂದೆವು. ನ್ಯಾಟ್ ಅನ್ನುವ ಪುಟ್ಟ ವಿಮಾನವನ್ನು ಮಾತ್ರ ಇಲ್ಲೇ, ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಕಟ್ಟತೊಡಗಿದೆವು. ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂಗೆ ಹೋಗದವರು ಒಮ್ಮೆ ಹೋಗಿ ಬನ್ನಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಮುರುಗೇಶಪಾಳ್ಯ, ಮಾರತ್ತಹಳ್ಳಿ ಕಡೆಯವರಿಗೆ ಜೆಟ್ ಸದ್ದು ಎಷ್ಟು ರೂಢಿಯಾಗಿದೆ ಅಂದರೆ ತಲೆ ಎತ್ತಿ ನೋಡುವುದೂ ಇಲ್ಲ. ಆ ಸದ್ದಿನ ಹಿಂದೆ 80 ವರ್ಷ ದಾಟಿದ ಕೆಲಸ ಇದೆ.

ಸರಿ, ಮಿಸ್ಟೇರ್‌ಗೆ ಬರೋಣ. ಗಟ್ಟಿಮುಟ್ಟಾದ ವಿಮಾನ. ಬಾಂಬ್ ಹೊರುತ್ತದೆ, ರಾಕೆಟ್ ಹೊರುತ್ತದೆ. ಮೂತಿಯ ಕೆಳಗೆ ಎರಡು 30 ಮಿ.ಮೀ. ಫಿರಂಗಿಗಳು. ನೇರ ಹಾರಾಟದಲ್ಲಿ ಶಬ್ದದ ವೇಗ ದಾಟುವುದಿಲ್ಲ. ಕಣ್ಣಿಗೆ ಕಾಣದ್ದನ್ನು ಹುಡುಕುವ ರೇಡಾರ್ ಅದರಲ್ಲಿ ಇರಲಿಲ್ಲ. ಕತ್ತಲಲ್ಲಿ ದಾರಿ ತೋರಿಸುವ ಉಪಕರಣವೂ ಇರಲಿಲ್ಲ. ಪೈಲಟ್ ಹತ್ತಿರ ಇದ್ದದ್ದು ದಿಕ್ಸೂಚಿ, ಗಡಿಯಾರ, ತೊಡೆಯ ಮೇಲೊಂದು ನಕ್ಷೆ.

1965ರ ಸೆಪ್ಟೆಂಬರ್ 6ರಂದು ನಮ್ಮ ಸೇನೆ ಲಾಹೋರ್ ಕಡೆ ಗಡಿ ದಾಟಿತು. ಅವತ್ತು ಸಂಜೆಯೇ ಪಾಕಿಸ್ತಾನದ ಸೇಬರ್‌ಗಳು ಪಠಾಣ್‌ಕೋಟ್ ಮೇಲೆ ಎರಗಿದವು. ನೆಲದ ಮೇಲೆ ನಿಂತಿದ್ದ ನಮ್ಮ ವಿಮಾನಗಳು ಸುಟ್ಟುಹೋದವು. ಹಲ್ವಾರಾ ಮೇಲೂ ದಾಳಿ ಆಯಿತು. ರಾತ್ರಿ ಪಠಾಣ್‌ಕೋಟ್, ಹಲ್ವಾರಾ, ಆದಂಪುರ ಈ ಮೂರೂ ನೆಲೆಗಳ ಹತ್ತಿರ ಪಾಕಿಸ್ತಾನ ತನ್ನ ಕಮಾಂಡೊಗಳನ್ನು ಪ್ಯಾರಾಚೂಟ್‌ನಲ್ಲಿ ಇಳಿಸಿತು. ಆ ಆದಂಪುರ ದೇವಯ್ಯನವರ ನೆಲೆ. ಜಲಂಧರ್ ಪಕ್ಕ. ನಾಳೆ ಬೆಳಗಾಗುವ ಮುಂಚೆ ಹಾರಬೇಕಾದ ಪೈಲಟ್‌ಗಳು, ಇಂಧನ ತುಂಬುವವರು, ಬಾಂಬ್ ಕಟ್ಟುವವರು ಎಲ್ಲರೂ ಅಂಥ ಒಂದು ರಾತ್ರಿಯಲ್ಲಿ, ದೀಪ ಆರಿಸಿಕೊಂಡು ಕೆಲಸ ಮಾಡಿದ್ದಾರೆ.

ಬೆಳಗಿನ ಗುರಿ ಸರ್ಗೋಧಾ. ಪಾಕಿಸ್ತಾನದ ವಾಯುಪಡೆಗೆ ಅದೇ ಮುಖ್ಯ ನೆಲೆ. ಆದಂಪುರದಿಂದ ಸುಮಾರು 300 ಕಿ.ಮೀ. ನಮ್ಮ ಲೆಕ್ಕದಲ್ಲಿ ಹೇಳಬೇಕು ಅಂದರೆ ಬೆಂಗಳೂರಿಂದ ಮಂಗಳೂರಿಗೆ ಹಕ್ಕಿ ಹಾರಿದ ಹಾಗೆ ನೇರವಾಗಿ ಹೋದರೆ ಎಷ್ಟೋ ಅಷ್ಟು. ಕತ್ತಲಲ್ಲಿ, ರೇಡಾರ್‌ಗೆ ಸಿಗದ ಹಾಗೆ ಮರದ ತುದಿಯ ಎತ್ತರದಲ್ಲಿ, ರೇಡಿಯೊ ಬಾಯಿ ಮುಚ್ಚಿಕೊಂಡು ಅಷ್ಟು ದೂರ ಹೋಗಬೇಕು. ಬಾಂಬ್ ಹಾಕಬೇಕು. ಅದೇ ಎತ್ತರದಲ್ಲಿ ವಾಪಸ್ ಬರಬೇಕು.

ಇಲ್ಲಿ ಇಂಧನದ ವಿಷಯ ಸ್ವಲ್ಪ ಬಿಡಿಸಿ ಹೇಳಲೇಬೇಕು. ಜೆಟ್ ಎಂಜಿನ್ ಕೆಳಗಿನ ದಟ್ಟ ಗಾಳಿಯಲ್ಲಿ ಸಿಕ್ಕಾಪಟ್ಟೆ ಇಂಧನ ಕುಡಿಯುತ್ತದೆ. ಮೇಲೆ ಹಾರಿದರೆ ಉಳಿಯುತ್ತದೆ, ಆದರೆ ರೇಡಾರ್ ಕಣ್ಣಿಗೆ ಬೀಳುತ್ತದೆ. ಕೆಳಗೆ ಹಾರಿ ಸರ್ಗೋಧಾ ಮುಟ್ಟಿ ಬರುವಷ್ಟು ಇಂಧನ ಮಿಸ್ಟೇರ್‌ನಲ್ಲಿ ಹಿಡಿಯುತ್ತಿತ್ತು, ಅಷ್ಟೇ. ದಾರಿಯಲ್ಲಿ ಯಾರಾದರೂ ಅಡ್ಡ ಬಂದರೆ ಅವರ ಜೊತೆ ಸುತ್ತಿ ಸುತ್ತಿ ಹೋರಾಡಲು ಮಿಗುವುದಿಲ್ಲ. ಹೊರಡುವ ಪ್ರತಿಯೊಬ್ಬ ಪೈಲಟ್‌ಗೂ ಇದು ಗೊತ್ತಿತ್ತು. ಕಾಳಗಕ್ಕೆ ನಿಂತವನು ಮನೆ ತಲುಪುವುದು ಕಷ್ಟ.

ಸ್ಕ್ವಾಡ್ರನ್ನಿನ ಕಮಾಂಡರ್ ವಿಂಗ್ ಕಮಾಂಡರ್ ಓಂ ಪ್ರಕಾಶ್ ತನೇಜಾ. ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ತನೇಜಾ ಅವರೇ ದಾಳಿಯ ಮುಂದಾಳು. ಒಟ್ಟು 12 ವಿಮಾನಗಳು, ನಾಲ್ಕು ನಾಲ್ಕರ ಮೂರು ತಂಡ. ಇವುಗಳ ಜೊತೆ ಎರಡು ಸ್ಟ್ಯಾಂಡ್‌ಬೈ. ಅಂದರೆ ಹೊರಟವುಗಳಲ್ಲಿ ಯಾವುದಾದರೂ ಕೆಟ್ಟು ಹಿಂದಿರುಗಿದರೆ ಆ ಜಾಗ ತುಂಬುವುದಕ್ಕೆ. ದೇವಯ್ಯ ಇದ್ದದ್ದು ಆ ಸ್ಟ್ಯಾಂಡ್‌ಬೈ ಜಾಗದಲ್ಲಿ. 12ರ ಪಟ್ಟಿಯಲ್ಲಿ ಅವರ ಹೆಸರು ಇರಲೇ ಇಲ್ಲ.

ಸೆಪ್ಟೆಂಬರ್ 7ರ ಬೆಳಗಿನ ಜಾವ, ಐದೂವರೆಯ ಆಸುಪಾಸಿನಲ್ಲಿ ವಿಮಾನಗಳು ಮೇಲೆದ್ದವು. ಒಂದು ವಿಮಾನ ಹಿಂದೆ ಸರಿಯಬೇಕಾಯಿತು. ದೇವಯ್ಯ ಆ ಜಾಗಕ್ಕೆ ಸೇರಿಕೊಂಡರು.

ಸರ್ಗೋಧಾದವರು ನಿದ್ದೆ ಮಾಡುತ್ತಿರಲಿಲ್ಲ. ಅವರ ವಿಮಾನಗಳೂ ಮೇಲಿದ್ದವು. ಅದರಲ್ಲಿ ಒಂದು ಸ್ಟಾರ್‌ಫೈಟರ್. ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಖಾನ್ ಅದರ ಪೈಲಟ್. ಮೇಲಿನ ತೆಳುಗಾಳಿಯಲ್ಲಿ ಶಬ್ದದ ಎರಡು ಪಟ್ಟು ವೇಗ ಹೋಗುವ ವಿಮಾನ ಅದು. ಆಗಿನ ಕಾಲಕ್ಕೆ ಏಷ್ಯಾದ ಕೆಲವೇ ದೇಶಗಳಲ್ಲಿ ಇತ್ತು. ಎಂಜಿನ್ನಿನ ಬಿಸಿ ಹಿಡಿದು ಬೆನ್ನತ್ತುವ ಸೈಡ್‌ವೈಂಡರ್ ಕ್ಷಿಪಣಿ, ಆರು ನಳಿಗೆಯ 20 ಮಿ.ಮೀ. ಗನ್. ಮಿಸ್ಟೇರ್ ಅದರ ಎದುರು ಒಂದು ತಲೆಮಾರು ಹಳೆಯದು.

ಅಮ್ಜದ್ ಮಿಸ್ಟೇರ್ ಹಿಂದೆ ಬಿದ್ದರು. ಸೈಡ್‌ವೈಂಡರ್ ಬಿಟ್ಟರು. ಅದು ಗುರಿ ತಪ್ಪಿ ನೆಲಕ್ಕೆ ಬಿತ್ತು. ಆ ಕಾಲದ ಕ್ಷಿಪಣಿಗಳು ನೆಲಕ್ಕೆ ಹತ್ತಿರ ಹಾರುವ ವಿಮಾನವನ್ನು ಹಿಡಿಯುವುದರಲ್ಲಿ ಹೀಗೆ ಸೋಲುತ್ತಿದ್ದವು. ಆಮೇಲೆ ಗನ್ನಿನಿಂದ ಹೊಡೆದರು. ಈ ಸಲ ಗುಂಡು ತಾಗಿತು. ದೇವಯ್ಯನವರ ವಿಮಾನಕ್ಕೆ ಪೆಟ್ಟಾಯಿತು.

ಈಗ ದೇವಯ್ಯ ಏನು ಮಾಡಬಹುದಿತ್ತು? ಪೂರ್ವಕ್ಕೆ ಮೂತಿ ತಿರುಗಿಸಿ ಓಡಬಹುದಿತ್ತು. ಹಿಂದಿರುವ ವಿಮಾನದ ವೇಗ ನೋಡಿದರೆ ಅದರಿಂದ ತಪ್ಪಿಸಿಕೊಳ್ಳುವುದು ಸುಲಭವಲ್ಲ. ಹೊರಕ್ಕೆ ಹಾರಿ ಸೆರೆಯಾಗಬಹುದಿತ್ತು. ಅವರು ಎದುರಾಳಿಯ ಕಡೆಗೇ ತಿರುಗಿದರು.

ತಿರುಗಿದ್ದು ಬರೀ ಸಿಟ್ಟಿನ ಕೆಲಸ ಅಂತ ನನಗೆ ಅನ್ನಿಸುವುದಿಲ್ಲ. ಅವರು ಇನ್‌ಸ್ಟ್ರಕ್ಟರ್. ವಿಮಾನದ ರೆಕ್ಕೆ ಏನು ಹೇಳುತ್ತದೆ ಅಂತ ಓದಬಲ್ಲವರು. ಸ್ಟಾರ್‌ಫೈಟರ್‌ನ ಎರಡೂ ರೆಕ್ಕೆ ಸೇರಿಸಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಅಳೆದರೆ ಸುಮಾರು 6.6 ಮೀಟರ್. ಮಿಸ್ಟೇರ್‌ಗೆ ಸುಮಾರು 11 ಮೀಟರ್. ಆ ಮೊಟಕು ರೆಕ್ಕೆ ಇರುವುದು ನೇರವಾಗಿ, ಜೋರಾಗಿ ಹೋಗುವುದಕ್ಕೆ. ತಿರುವು ತೆಗೆದುಕೊಳ್ಳಲು ರೆಕ್ಕೆ ಗಾಳಿಯನ್ನು ಹಿಡಿಯಬೇಕು. ಚಿಕ್ಕ ರೆಕ್ಕೆ ಎಷ್ಟು ಹಿಡಿದೀತು? ಅದು ದೊಡ್ಡ ಸುತ್ತು ಹಾಕಿಯೇ ತಿರುಗಬೇಕು. ಅದಕ್ಕೇ ಸ್ಟಾರ್‌ಫೈಟರ್ ಪೈಲಟ್‌ಗಳಿಗೆ ಹೇಳಿಕೊಡುತ್ತಿದ್ದದ್ದು: ವೇಗದಲ್ಲಿ ಬಾ, ಹೊಡಿ, ಮೇಲೇರಿ ಹೋಗು, ಮತ್ತೆ ಬಾ. ಕೆಳಗೆ ನಿಧಾನವಾಗಿ ಸುತ್ತುವ ಜಗಳಕ್ಕೆ ಇಳಿದರೆ ಆ ವಿಮಾನದ ಎಲ್ಲಾ ಅನುಕೂಲ ಕೈಬಿಟ್ಟು ಹೋಗುತ್ತದೆ. ಅಂಥ ಜಗಳದಲ್ಲಿ ಹಳೆಯ ಮಿಸ್ಟೇರ್‌ಗೂ ಒಂದು ಅವಕಾಶ ಸಿಗುತ್ತದೆ.

ಸಿಕ್ಕಿತು. ಪೆಟ್ಟು ತಿಂದ ವಿಮಾನದಿಂದಲೇ ದೇವಯ್ಯ ಗುಂಡು ಹಾರಿಸಿದರು. 30 ಮಿ.ಮೀ. ಗುಂಡುಗಳು ಸ್ಟಾರ್‌ಫೈಟರ್‌ಗೆ ತಾಗಿದವು. ವಿಮಾನ ಅಮ್ಜದ್ ಅವರ ಹಿಡಿತ ತಪ್ಪಿತು. ಅವರು ಹೊರಕ್ಕೆ ಹಾರಿ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದರು. ಮಿಸ್ಟೇರ್ ಕೂಡ ಬಿತ್ತು. ದೇವಯ್ಯ ಬದುಕಲಿಲ್ಲ. ಹೊಲದಲ್ಲಿ ಸಿಕ್ಕ ಅವರ ದೇಹವನ್ನು ಅಲ್ಲಿನವರೇ ಮಣ್ಣು ಮಾಡಿದರು.

ಆದಂಪುರದಲ್ಲಿ ಇದು ಯಾವುದೂ ಗೊತ್ತಿಲ್ಲ. ವಿಮಾನಗಳು ಒಂದೊಂದಾಗಿ ಇಳಿದವು. ದೇವಯ್ಯನವರದು ಬರಲಿಲ್ಲ. ಇಂಧನ ಮುಗಿಯುವ ಹೊತ್ತು ದಾಟಿದ ಮೇಲೆ ಕಾಯುವುದಕ್ಕೂ ಅರ್ಥ ಇರುವುದಿಲ್ಲ. ಬಂದವರಲ್ಲಿ ಯಾರೂ ಆ ಕಾಳಗ ನೋಡಿರಲಿಲ್ಲ. ಮಬ್ಬು ಬೆಳಕು, ಚದುರಿದ ತಂಡಗಳು, ಪ್ರತಿಯೊಬ್ಬರೂ ನೆಲದ ಮೇಲೆ ಕಣ್ಣಿಟ್ಟು ಹಾರುತ್ತಿದ್ದವರು. ಅವರ ಹೆಸರಿನ ಮುಂದೆ ‘ಕಾಣೆಯಾಗಿದ್ದಾರೆ’ ಅಂತ ಬರೆದರು.

ನಿಮ್ಮಲ್ಲೊಬ್ಬರು ಈಗ ಕೇಳಿದರು, ರೇಡಿಯೊದಲ್ಲಿ ಒಂದು ಮಾತು ಹೇಳಬಹುದಿತ್ತಲ್ವಾ ಅಂತ. ಒಳ್ಳೆಯ ಪ್ರಶ್ನೆ. ಮೊದಲನೆಯದಾಗಿ ರೇಡಿಯೊ ಬಳಸಬಾರದು ಅನ್ನುವ ಆಜ್ಞೆ. ಎರಡನೆಯದಾಗಿ ಆ ವಿಮಾನಗಳ ರೇಡಿಯೊ ಅಲೆ ನೇರವಾಗಿ ಹೋಗುತ್ತದೆ, ಭೂಮಿಯ ಬಾಗಿಗೆ ತಕ್ಕ ಹಾಗೆ ಬಾಗುವುದಿಲ್ಲ. ನೆಲಕ್ಕೆ ಹತ್ತಿರ ಇದ್ದವರು 300 ಕಿ.ಮೀ. ಆಚೆಯಿಂದ ಕೂಗಿದರೂ ಆದಂಪುರಕ್ಕೆ ಕೇಳುವುದಿಲ್ಲ.

ಇದನ್ನು 1971ರ ಶ್ರೀನಗರದ ಜೊತೆ ಇಟ್ಟು ನೋಡಿ. ಆ ವರ್ಷದ ಡಿಸೆಂಬರ್ 14ರಂದು ಫ್ಲೈಯಿಂಗ್ ಆಫೀಸರ್ ನಿರ್ಮಲ್ ಜಿತ್ ಸಿಂಗ್ ಸೆಖೋನ್ ನ್ಯಾಟ್ ವಿಮಾನದಲ್ಲಿ ಒಬ್ಬರೇ ಸೇಬರ್‌ಗಳ ಗುಂಪಿನೊಡನೆ ಹೋರಾಡಿ ಪ್ರಾಣ ಕೊಟ್ಟರು. ಅದು ನಡೆದದ್ದು ನಮ್ಮದೇ ನೆಲೆಯ ಮೇಲೆ. ರೇಡಿಯೊದಲ್ಲಿ ಅವರ ಮಾತು ಕೇಳುತ್ತಿತ್ತು. ಅವರಿಗೆ ಪರಮವೀರ ಚಕ್ರ ಬಂತು, ವಾಯುಪಡೆಗೆ ಬಂದ ಒಂದೇ ಒಂದು ಪರಮವೀರ ಚಕ್ರ. ಅದು ಪೂರ್ತಿ ಅವರಿಗೆ ಸಲ್ಲಬೇಕಾದದ್ದೇ. ನಾನು ಹೇಳುತ್ತಿರುವುದು ಇಷ್ಟೇ. ಸೆಖೋನ್ ಅವರಿಗೆ ಸಾಕ್ಷಿಗಳಿದ್ದರು. ದೇವಯ್ಯನವರಿಗೆ ಇದ್ದ ಸಾಕ್ಷಿ ಎದುರಾಳಿ ಪಡೆಯಲ್ಲಿದ್ದರು.

ಕೊಡಗಿನವರೇ ಆದ ಇನ್ನೊಬ್ಬ ಪೈಲಟ್ ಕಥೆಯನ್ನೂ ಇಲ್ಲಿ ನೆನೆಯಬೇಕು. ಜನರಲ್ ಕಾರ್ಯಪ್ಪನವರ ಮಗ ಕೆ.ಸಿ. ಕಾರ್ಯಪ್ಪ. ಹಂಟರ್ ಹಾರಿಸುತ್ತಿದ್ದರು. ಅದೇ ಯುದ್ಧದಲ್ಲಿ, ಸೆಪ್ಟೆಂಬರ್ 22ರಂದು, ಅಂದರೆ ಕದನವಿರಾಮಕ್ಕೆ ಒಂದು ದಿನ ಮುಂಚೆ, ನೆಲದಿಂದ ಬಂದ ಗುಂಡಿಗೆ ವಿಮಾನ ಬಿದ್ದು ಸೆರೆಯಾದರು. ಪಾಕಿಸ್ತಾನದ ಆಗಿನ ಅಧ್ಯಕ್ಷ ಅಯೂಬ್ ಖಾನ್ ಹಿಂದೆ ಜನರಲ್ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ಮಗನನ್ನು ಬಿಡುತ್ತೇವೆ ಅಂದರೂ, ಸೆರೆಯಲ್ಲಿರುವ ಎಲ್ಲರೂ ನನ್ನ ಮಕ್ಕಳೇ, ಇವನೊಬ್ಬನಿಗೆ ಬೇರೆ ರಿಯಾಯಿತಿ ಬೇಡ ಅಂದರು ಅಪ್ಪ. ಕೊಡಗಿನಲ್ಲಿ ಇದನ್ನು ಹೇಳದ ಮನೆ ಇಲ್ಲ. ಆ ಮನೆಯವರಿಗೆ ಮಗ ಜೀವಂತ ಇದ್ದಾನೆ ಅನ್ನುವ ಸುದ್ದಿಯಾದರೂ ಸಿಕ್ಕಿತು. ದೇವಯ್ಯನವರ ಮನೆಗೆ ಸಿಕ್ಕಿದ್ದು ‘ಕಾಣೆ’ ಅನ್ನುವ ಒಂದು ಮಾತು. ಸತ್ತರು ಅಂತ ಅಳುವ ಹಾಗಿಲ್ಲ, ಬರುತ್ತಾರೆ ಅಂತ ನಂಬುವ ಹಾಗಿಲ್ಲ. ಯುದ್ಧದ ಪುಸ್ತಕಗಳು ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ನಾವು ದಾಟಬಾರದು.

ಆ ಕಡೆ ಪಾಕಿಸ್ತಾನದಲ್ಲಿ ಅಮ್ಜದ್ ಅವರಿಗೆ ಸಿತಾರಾ-ಎ-ಜುರ್ರತ್ ಪದಕ ಬಂತು. ಅವರ ವಿಮಾನ ಹೇಗೆ ಬಿತ್ತು ಅನ್ನುವುದಕ್ಕೆ ಆಗ ಹರಡಿದ್ದ ವಿವರಣೆ ಬೇರೆ. ಹೊಡೆದ ಮಿಸ್ಟೇರ್ ಸಿಡಿದು, ಅದರ ಚೂರು ತಾಗಿತು ಅನ್ನುವುದು. ಶಬ್ದದ ಎರಡು ಪಟ್ಟು ಹೋಗುವ ವಿಮಾನವನ್ನು ಹಳೆಯ ಮಿಸ್ಟೇರ್ ಬೀಳಿಸಿತು ಅಂತ ಯುದ್ಧದ ನಡುವೆ ಯಾವ ದೇಶವೂ ಸಾರುವುದಿಲ್ಲ.

ಇನ್ನೊಂದು ವಿಷಯ ಕೇಳಿ. 1971ರ ಯುದ್ಧದಲ್ಲಿ ಇದೇ ಅಮ್ಜದ್, ಆ ಹೊತ್ತಿಗೆ ವಿಂಗ್ ಕಮಾಂಡರ್, ಅಮೃತಸರದ ರೇಡಾರ್ ಮೇಲೆ ದಾಳಿಗೆ ಬಂದರು. ನಮ್ಮ ವಿಮಾನ ನಿರೋಧಕ ಗನ್ನುಗಳು ಅವರ ಸ್ಟಾರ್‌ಫೈಟರ್ ಹೊಡೆದುರುಳಿಸಿದವು. ಅವರು ನಮ್ಮಲ್ಲಿ ಯುದ್ಧಕೈದಿಯಾದರು. ದೇವಯ್ಯನವರ ಕೊನೆಯ ನಿಮಿಷಗಳನ್ನು ಕಣ್ಣಾರೆ ಕಂಡಿದ್ದ ಮನುಷ್ಯ ನಮ್ಮ ನೆಲದ ಮೇಲೇ ಇದ್ದರು. ಆಗಲೂ ಕಥೆ ಹೊರಬರಲಿಲ್ಲ.

ಬಂದಿದ್ದು 1979ರಲ್ಲಿ. ಜಾನ್ ಫ್ರಿಕರ್ ಅನ್ನುವ ಬ್ರಿಟಿಷ್ ಪತ್ರಕರ್ತರು 1965ರ ವಾಯುಯುದ್ಧದ ಮೇಲೆ ಒಂದು ಪುಸ್ತಕ ಬರೆದರು. ಪಾಕಿಸ್ತಾನದ ವಾಯುಪಡೆ ಅವರಿಗೆ ಬೇಕಾದ ನೆರವು ಕೊಟ್ಟಿತ್ತು. ಒಟ್ಟಾರೆ ನೋಡಿದರೆ ಅವರ ಕಡೆಗೇ ವಾಲಿದ ಪುಸ್ತಕ. ಅದರಲ್ಲೇ ಇತ್ತು ಈ ವಿಷಯ: ಸೆಪ್ಟೆಂಬರ್ 7ರ ಬೆಳಗ್ಗೆ ಸರ್ಗೋಧಾ ಹತ್ತಿರ ಒಂದು ಮಿಸ್ಟೇರ್ ಸ್ಟಾರ್‌ಫೈಟರ್ ಜೊತೆ ಕಾಳಗಕ್ಕೆ ನಿಂತಿತು, ಸ್ಟಾರ್‌ಫೈಟರ್ ಬಿತ್ತು.

ಪುಸ್ತಕದಲ್ಲಿ ದೇವಯ್ಯ ಅನ್ನುವ ಹೆಸರು ಬೇಕಾಗಿರಲಿಲ್ಲ. ಲೆಕ್ಕ ಹಾಕಿದರೆ ಸಾಕು. ಅವತ್ತು ಬೆಳಗಿನ ಆ ದಾಳಿಗೆ ಹೋದ ನಂಬರ್ 1 ಸ್ಕ್ವಾಡ್ರನ್ ಮಿಸ್ಟೇರ್‌ಗಳಲ್ಲಿ ಒಂದನ್ನು ಬಿಟ್ಟು ಮಿಕ್ಕವೆಲ್ಲ ಮನೆಗೆ ಬಂದಿವೆ. ಬಂದವರಲ್ಲಿ ಯಾರೂ ಸ್ಟಾರ್‌ಫೈಟರ್ ಜೊತೆ ಹೋರಾಡಿಲ್ಲ. ಹಾಗಾದರೆ ಹೋರಾಡಿದವರು ಯಾರು? ಬಾರದೆ ಉಳಿದವರು. ಇಷ್ಟು ಸರಳ. ಆದರೆ ಈ ಸರಳ ಲೆಕ್ಕ ಹಾಕುವುದಕ್ಕೂ ಯಾರಾದರೂ ಕೂತು ಎರಡೂ ಕಡೆಯ ಮಾತನ್ನು ಪಕ್ಕಪಕ್ಕ ಇಟ್ಟು ಓದಬೇಕು.

ಓದಿದವರಲ್ಲಿ ತನೇಜಾ ಒಬ್ಬರು. ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಆ ತನೇಜಾ. ಆ ಹೊತ್ತಿಗೆ ನಿವೃತ್ತರಾಗಿದ್ದರು. ಅವರು ಸುಮ್ನೆ ಇರಬಹುದಿತ್ತು. ಅವರು ವಾಯುಪಡೆಯ ಮುಂದೆ ಈ ವಿಷಯ ಎತ್ತಿದರು, ಹಟ ಹಿಡಿದರು. ಕೊನೆಗೆ 1988ರಲ್ಲಿ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಪತ್ನಿ ಅದನ್ನು ಪಡೆದರು. ಯುದ್ಧ ಮುಗಿದು 23 ವರ್ಷ ಆಗಿತ್ತು. ಇವತ್ತು ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತ ಇದೆ.

ತನ್ನ ಜೊತೆ ಹಾರಿದವನನ್ನು ಮರೆಯದೆ, ಅಧಿಕಾರ ಮುಗಿದ ಮೇಲೂ ಕಾಗದ ಬರೆದ ಆ ಕಮಾಂಡರ್ ಬಗ್ಗೆ ನನಗೆ ಬಹಳ ಗೌರವ ಇದೆ. ಅದು ಕಣ್ಣಿಗೆ ಹೊಡೆಯುವಂಥ ಕೆಲಸವಲ್ಲ. ದೇವಯ್ಯನವರ ಯುದ್ಧದ ಬದುಕಿನ ಅರ್ಧ ಭಾಗ ನಡೆದದ್ದು ಮಾತ್ರ ಆ ಕಾಗದಗಳಲ್ಲೇ.

1965ರ ಲೆಕ್ಕಗಳ ಬಗ್ಗೆ ಇವತ್ತಿಗೂ ಜಗಳ ಇದೆ. ನಮ್ಮವರು ಹೇಳಿದ ಸಂಖ್ಯೆಗೂ ಅವರು ಒಪ್ಪಿದ ಸಂಖ್ಯೆಗೂ ತಾಳೆ ಆಗುವುದಿಲ್ಲ. ಸರ್ಗೋಧಾ ದಾಳಿಯಲ್ಲಿ ನೆಲದ ಮೇಲೆ ಎಷ್ಟು ಹಾಳಾಯಿತು ಅನ್ನುವುದರಲ್ಲೂ ಹಾಗೇ. ಫೋನಿನಲ್ಲಿ ಓಡಾಡುವ ವಿಡಿಯೊಗಳು ತಮಗೆ ಬೇಕಾದ ಕಡೆಯ ಸಂಖ್ಯೆ ಮಾತ್ರ ಹೇಳುತ್ತವೆ. ನನ್ನ ಮಟ್ಟಿಗೆ ನಂಬಲು ಯೋಗ್ಯವಾದದ್ದು, ಒಪ್ಪಿಕೊಂಡರೆ ತನಗೇ ನಷ್ಟ ಆಗುವ ಕಡೆಯವರು ಒಪ್ಪಿಕೊಂಡ ಸಂಗತಿ. ತಮ್ಮ ಅತ್ಯುತ್ತಮ ವಿಮಾನ ಮಿಸ್ಟೇರ್‌ಗೆ ಸೋತಿತು ಅಂತ ಹೇಳಿಕೊಳ್ಳುವುದರಿಂದ ಪಾಕಿಸ್ತಾನಕ್ಕೆ ಲಾಭ ಏನೂ ಇರಲಿಲ್ಲ. ಅದಕ್ಕೇ ದೇವಯ್ಯನವರ ಆ ಒಂದು ಗೆಲುವು ಆ ಯುದ್ಧದ ಎಷ್ಟೋ ದೊಡ್ಡ ಸಂಖ್ಯೆಗಳಿಗಿಂತ ಗಟ್ಟಿ ಅಂತ ನಾನು ಹೇಳುತ್ತೇನೆ.

ನಿಮ್ಮಲ್ಲಿ ಒಂದು ಕೇಳಿಕೆ ಇದೆ. ಬೆಂಗಳೂರಿನಲ್ಲಿ ವಾಯುಪಡೆಯಿಂದ ನಿವೃತ್ತರಾದವರು ಬಹಳ ಜನ ಇದ್ದಾರೆ. ಜಾಲಹಳ್ಳಿ ಕಡೆ, ಯಲಹಂಕ ಕಡೆ, ಎಚ್‌ಎಎಲ್ ಸುತ್ತಮುತ್ತ. ಪೈಲಟ್‌ಗಳನ್ನು ಮಾತ್ರ ಹುಡುಕಬೇಡಿ. ಇಂಧನ ತುಂಬಿದವರು, ಗನ್ನಿಗೆ ಗುಂಡು ಹಾಕಿದವರು, ಟವರಿನಲ್ಲಿ ಕೂತವರು, ರಿಜಿಸ್ಟರ್ ಬರೆದವರು ಇದ್ದಾರೆ. 1965ರಲ್ಲಿ 20 ವರ್ಷದ ಹುಡುಗರಾಗಿದ್ದವರು ಈಗ 80 ದಾಟಿದ್ದಾರೆ. ನಿಮ್ಮ ಬೀದಿಯಲ್ಲಿ, ನಿಮ್ಮ ನೆಂಟರಲ್ಲಿ ಅಂಥವರಿದ್ದರೆ ಒಂದು ಭಾನುವಾರ ಹೋಗಿ ಕೂತುಕೊಳ್ಳಿ. ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಪಕ್ಕಕ್ಕಿಡಿ. ಯಾವ ಸ್ಕ್ವಾಡ್ರನ್, ಯಾವ ನೆಲೆ, ಅವತ್ತು ಎಷ್ಟು ವಿಮಾನ ಹೋದವು, ಎಷ್ಟು ಬಂದವು, ಬಾರದೆ ಉಳಿದವರ ಹೆಸರೇನು ಅಂತ ಕೇಳಿ. ಅವರು ಹೇಳುವ ದಿನಾಂಕ ಒಂದೆರಡು ದಿನ ಆಚೀಚೆ ಆಗಬಹುದು. ಅಲ್ಲೇ ತಡೆದು ತಿದ್ದಲು ಹೋಗಬೇಡಿ. ಅದನ್ನು ಆಮೇಲೆ ಕಾಗದಪತ್ರ ನೋಡಿ ಸರಿಪಡಿಸಬಹುದು. ಹೆಸರು ಮಾತ್ರ ಸರಿಯಾಗಿ, ಅಕ್ಷರ ಕೇಳಿಕೊಂಡು ಬರೆದುಕೊಳ್ಳಿ.